ಅಂಗವೈಕಲ್ಯದ ವೈದ್ಯಕೀಯ ಮೌಲ್ಯಮಾಪನ

ಅಂಗವೈಕಲ್ಯದ ವೈದ್ಯಕೀಯ ಮೌಲ್ಯಮಾಪನ ಎಂದರೆ ವ್ಯಕ್ತಿಯೊಬ್ಬರ ದೈಹಿಕ ಅಥವಾ ಮಾನಸಿಕ ಸಾಮರ್ಥ್ಯಕ್ಕೆ ಉಂಟಾಗಿರುವ ಕೊರತೆಯ ಸ್ವರೂಪವನ್ನೂ ಪ್ರಮಾಣವನ್ನೂ ವೈದ್ಯರು ಅಥವಾ ವೈದ್ಯರ ಮಂಡಳಿ ಪರೀಕ್ಷಿಸಿ ಲಿಖಿತವಾಗಿ ನಿರ್ಧರಿಸುವ ಪ್ರಕ್ರಿಯೆ. ಇದು ಚಿಕಿತ್ಸೆಯಲ್ಲ. ಪರೀಕ್ಷಿಸುವ ವೈದ್ಯರು ಸಾಮಾನ್ಯವಾಗಿ ಅರ್ಜಿದಾರರಿಗೆ ಹಿಂದೆ ಚಿಕಿತ್ಸೆ ನೀಡಿದವರಾಗಿರುವುದಿಲ್ಲ; ಅವರ ವರದಿಯು ರೋಗಿಗಾಗಿ ಅಲ್ಲ, ಸರ್ಕಾರಿ ಇಲಾಖೆ, ವಿಮಾ ಸಂಸ್ಥೆ, ಉದ್ಯೋಗದಾತ ಅಥವಾ ನ್ಯಾಯಾಲಯದ ಉಪಯೋಗಕ್ಕಾಗಿ ಸಿದ್ಧವಾಗುತ್ತದೆ. ಈ ಕಾರಣದಿಂದ ಇದನ್ನು ಸ್ವತಂತ್ರ ವೈದ್ಯಕೀಯ ಪರೀಕ್ಷೆ ಎಂದೂ ಕರೆಯಲಾಗುತ್ತದೆ.

ಭಾರತದಲ್ಲಿ ಇಂತಹ ಮೌಲ್ಯಮಾಪನವು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ನಡೆಯುತ್ತದೆ: ಅಂಗವೈಕಲ್ಯ ಪ್ರಮಾಣಪತ್ರ ಪಡೆಯುವಾಗ, ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರ ಪರಿಹಾರವನ್ನು ನಿಗದಿಪಡಿಸುವಾಗ ಮತ್ತು ರಸ್ತೆ ಅಪಘಾತದ ಪರಿಹಾರ ಪ್ರಕರಣಗಳಲ್ಲಿ. ಮೂರರಲ್ಲೂ ಕೊನೆಗೆ ಉಳಿಯುವುದು ಒಂದು ಶೇಕಡಾವಾರು ಅಂಕಿ. ಮಾಸಾಶನ, ಮೀಸಲಾತಿ, ರಿಯಾಯಿತಿ ಬಸ್ ಪಾಸ್ ಅಥವಾ ಲಕ್ಷಾಂತರ ರೂಪಾಯಿಯ ಪರಿಹಾರ ಆ ಅಂಕಿಯನ್ನು ಅವಲಂಬಿಸಿರುತ್ತದೆ. ಪರೀಕ್ಷೆಗೆ ದೊರೆಯುವ ಸಮಯ ಮಾತ್ರ ಬಹಳ ಸಲ ಕೆಲವೇ ನಿಮಿಷಗಳದ್ದು.

ಕಾನೂನಿನ ಹಿನ್ನೆಲೆ

ಅಂಗವೈಕಲ್ಯ ಹೊಂದಿರುವ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016, ಹಿಂದಿನ 1995ರ ಕಾಯಿದೆಯ ಸ್ಥಾನದಲ್ಲಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಹಳೆಯ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. ಹೊಸದರ ಅನುಸೂಚಿಯಲ್ಲಿ 21 ಇವೆ. ಕುಷ್ಠರೋಗದಿಂದ ಗುಣಮುಖರಾದವರು, ಆಮ್ಲ ದಾಳಿಗೆ ಒಳಗಾದವರು, ಪಾರ್ಕಿನ್ಸನ್ ಕಾಯಿಲೆ, ಹಿಮೋಫಿಲಿಯಾ, ಥಲಸೇಮಿಯಾ, ಕುಡಗೋಲು ಕಣ ರೋಗ, ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆ ಉಳ್ಳವರು ಈ ಪಟ್ಟಿಯಲ್ಲಿ ಸೇರಿದ್ದಾರೆ.

ಕಾಯಿದೆಯ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವನ್ನು ಮಾನದಂಡ ವೈಕಲ್ಯ ಎಂದು ಪರಿಗಣಿಸಲಾಗುತ್ತದೆ. ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮತ್ತು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರ ಮೀಸಲಾತಿ ಈ ಗೆರೆಯನ್ನು ದಾಟಿದವರಿಗೆ ಅನ್ವಯಿಸುತ್ತದೆ. 39 ಮತ್ತು 40ರ ನಡುವೆ ದೇಹದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರುವುದಿಲ್ಲ, ಆದರೆ ಬದುಕಿನಲ್ಲಿ ಇರುತ್ತದೆ.

ಅಳತೆಯ ವಿಧಾನವನ್ನು ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಅಧಿಸೂಚನೆಯ ಮೂಲಕ ಪ್ರಕಟಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಲಾಯಿತು. ಪ್ರಮಾಣಪತ್ರ ಹಾಗೂ ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿಗೆ (ಯುಡಿಐಡಿ) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಹೀಗೆ ಪಡೆದ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. 2024ರ ನಿಯಮ ತಿದ್ದುಪಡಿಯಂತೆ ಚೀಟಿಯ ಬಣ್ಣ ವೈಕಲ್ಯದ ಪ್ರಮಾಣವನ್ನು ಸೂಚಿಸುತ್ತದೆ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಅದಕ್ಕಿಂತ ಮೇಲ್ಪಟ್ಟು ಶೇ. 80ರ ಒಳಗಿದ್ದರೆ ಹಳದಿ, ಶೇ. 80 ಮತ್ತು ಹೆಚ್ಚಿದ್ದರೆ ನೀಲಿ.

ಅಳೆಯುವ ಬಗೆ

ವೈದ್ಯರು ಏನನ್ನು ಅಳೆಯುತ್ತಾರೆ ಎಂಬುದು ತಿಳಿದಿದ್ದರೆ ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕೈಕಾಲುಗಳ ವೈಕಲ್ಯದಲ್ಲಿ ಕೀಲುಗಳು ಎಷ್ಟು ಡಿಗ್ರಿ ಬಾಗುತ್ತವೆ ಎಂಬುದನ್ನು ಗೋನಿಯೋಮೀಟರ್ ಎಂಬ ಉಪಕರಣದಿಂದ ನೋಡಲಾಗುತ್ತದೆ; ಸ್ನಾಯುಗಳ ಬಲವನ್ನು ವೈದ್ಯರು ತಮ್ಮ ಕೈಯ ಪ್ರತಿರೋಧದ ಎದುರು ಅಂದಾಜಿಸುತ್ತಾರೆ. ಇವುಗಳ ಜೊತೆಗೆ ನಿತ್ಯದ ಚಲನೆಗಳಿಗೂ ಅಂಕಗಳಿವೆ. ಕಾಲಿಗೆ ಸಂಬಂಧಿಸಿದಂತೆ ಸಮತಟ್ಟಾದ ನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನ ಮೇಲೆ ನಿಲ್ಲುವುದು, ಬಾಧಿತ ಕಾಲೊಂದರ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು ಮತ್ತು ತಿರುಗುವುದು, ಹೀಗೆ ಒಂಬತ್ತು ಕ್ರಿಯೆಗಳನ್ನು ಪರಿಶೀಲಿಸಲಾಗುತ್ತದೆ. ಕೈಯ ಪಟ್ಟಿಯಲ್ಲಿ ಕೈಯಿಂದ ಊಟ ಮಾಡುವುದು, ತಲೆ ಬಾಚಿ ಜಡೆ ಹೆಣೆಯುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಅಥವಾ ಪಂಚೆ ಕಟ್ಟುವುದು, ಶೌಚದ ನಂತರ ತೊಳೆದುಕೊಳ್ಳುವುದು, ಲೋಟದಿಂದ ನೀರು ಕುಡಿಯುವುದು, ಬರೆಯುವುದು ಇವೆ. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವ ಸಮಾಜಕ್ಕೆಂದೇ ರೂಪಿಸಿದ ಪಟ್ಟಿ ಇದು.

ಒಬ್ಬರಿಗೇ ಎರಡು ವೈಕಲ್ಯಗಳಿದ್ದರೆ ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ದೊಡ್ಡ ಅಂಕಿ ಅ, ಸಣ್ಣದು ಬ ಆದರೆ, ಒಟ್ಟು ಪ್ರಮಾಣ ಅ + ಬ × (90 − ಅ) ÷ 90. ಶೇ. 40 ಮತ್ತು ಶೇ. 30 ಸೇರಿ 70 ಆಗದೆ ಸುಮಾರು 57 ಆಗುವುದು ಈ ಸೂತ್ರದಿಂದ. ಅರ್ಜಿದಾರರಲ್ಲಿ ಅನೇಕರು ಇದನ್ನು ಲೆಕ್ಕದ ತಪ್ಪೆಂದು ಭಾವಿಸುವುದುಂಟು.

ದೃಷ್ಟಿಯನ್ನು ಸೂಕ್ತ ಕನ್ನಡಕ ಹಾಕಿಸಿಯೇ ಅಳೆಯಲಾಗುತ್ತದೆ. ಶ್ರವಣಕ್ಕೆ ಆಡಿಯೋಮೆಟ್ರಿ, ಹೇಳಿದ್ದನ್ನು ಅನುಸರಿಸಲಾಗದ ಚಿಕ್ಕ ಮಕ್ಕಳಿಗೆ ಮೆದುಳಿನ ಪ್ರತಿಕ್ರಿಯೆಯನ್ನು ದಾಖಲಿಸುವ ಬೆರಾ ಪರೀಕ್ಷೆ ಇರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳ ಸೌಲಭ್ಯವಿದೆ. ನಿರ್ದಿಷ್ಟ ಕಲಿಕಾ ನ್ಯೂನತೆಗೆ 8ನೇ ವಯಸ್ಸಿನಿಂದ ಪ್ರಮಾಣಪತ್ರ ನೀಡಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನು ಇದಕ್ಕೆ ಬಳಸುತ್ತಾರೆ.

ಮಾನಸಿಕ ಕಾಯಿಲೆಯ ಅಳತೆ ಇವೆಲ್ಲಕ್ಕಿಂತ ಭಿನ್ನ. ಭಾರತೀಯ ಮನೋವೈದ್ಯಕೀಯ ಸಂಘವು ಸಿದ್ಧಪಡಿಸಿದ ಐಡಿಯಾಸ್ ಎಂಬ ಮಾಪನದಲ್ಲಿ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ ಹಾಗೂ ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳಿಗೆ ತಲಾ 0ಯಿಂದ 4ರವರೆಗೆ ಅಂಕಗಳಿವೆ. ಕಾಯಿಲೆ ಎಷ್ಟು ವರ್ಷಗಳಿಂದ ಇದೆ ಎಂಬುದಕ್ಕೂ ಪ್ರತ್ಯೇಕ ಅಂಕ: ಅವಧಿ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಒಟ್ಟು ಅಂಕ 7 ಮುಟ್ಟಿದರೆ ವೈಕಲ್ಯ ಶೇ. 40 ಎನಿಸುತ್ತದೆ. ಈ ಗೆರೆಯ ಸಮೀಪದಲ್ಲಿರುವ ವ್ಯಕ್ತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾಯಿಲೆ ಶುರುವಾಗಿ ಏಳು ವರ್ಷವಾಗಿದ್ದರೂ ಕೈಯಲ್ಲಿರುವ ಅತಿ ಹಳೆಯ ಚೀಟಿ ನಾಲ್ಕು ವರ್ಷದ್ದಾದರೆ, ಅದನ್ನಷ್ಟೇ ನಂಬುವ ಮಂಡಳಿಯ ಲೆಕ್ಕದಲ್ಲಿ ಅವರ ಅಂಕ 6ಕ್ಕೆ ನಿಲ್ಲುತ್ತದೆ. ಏಳು ವರ್ಷ ಹಿಂದಿನ ಒಂದು ಔಷಧಿ ಚೀಟಿ ಸಿಕ್ಕರೆ ಅದು 7 ಆಗುತ್ತದೆ. ಟ್ರಂಕಿನ ತಳದಲ್ಲಿ ಮಾಸಿಹೋದ ಕಾಗದಕ್ಕೆ ಇಷ್ಟು ಬೆಲೆಯಿದೆ.

ಪರೀಕ್ಷೆಗೆ ಸಿದ್ಧತೆ

ಗಾಯ ಅಥವಾ ಕಾಯಿಲೆ ಒಂದು ಸ್ಥಿರ ಸ್ಥಿತಿಗೆ ಬಂದ ಮೇಲೆ, ಅಂದರೆ ಚಿಕಿತ್ಸೆಯಿಂದ ಇನ್ನು ಹೆಚ್ಚಿನ ಸುಧಾರಣೆ ನಿರೀಕ್ಷಿಸಲಾಗದ ಹಂತದಲ್ಲಿ, ಮೌಲ್ಯಮಾಪನಕ್ಕೆ ಹೋಗುವುದು ಸೂಕ್ತ. ಮೂಳೆ ಇನ್ನೂ ಕೂಡುತ್ತಿರುವಾಗ ಹೋದರೆ ಮಂಡಳಿಯು ತಾತ್ಕಾಲಿಕ ಪ್ರಮಾಣಪತ್ರ ನೀಡಬಹುದು ಅಥವಾ ಮತ್ತೆ ಬರುವಂತೆ ಹೇಳಬಹುದು.

ಗುರುತು ಮತ್ತು ವಿಳಾಸದ ದಾಖಲೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಅರ್ಜಿಯಲ್ಲಿರುವ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಬೇಕು. ವೈದ್ಯಕೀಯ ದಾಖಲೆಗಳ ಮಾತು ಬೇರೆ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ವಿವರ, ಎಕ್ಸ್‌ರೇ ಹಾಗೂ ಸ್ಕ್ಯಾನ್‌ಗಳ ಫಿಲ್ಮ್ ಮತ್ತು ವರದಿ, ಫಿಸಿಯೋಥೆರಪಿಯ ದಾಖಲೆ, ಈಗ ಸೇವಿಸುತ್ತಿರುವ ಔಷಧಿಗಳ ಚೀಟಿ ಇವೆಲ್ಲವನ್ನು ದಿನಾಂಕದ ಕ್ರಮದಲ್ಲಿ ಜೋಡಿಸುವುದು ಒಳ್ಳೆಯದು. ದಪ್ಪ ಕಡತಕ್ಕಿಂತ ಅದರ ಮೇಲೆ ಇಟ್ಟ ಒಂದು ಪುಟದ ಸಾರಾಂಶ ಹೆಚ್ಚು ಕೆಲಸ ಮಾಡುತ್ತದೆ: ಯಾವಾಗ ಏನಾಯಿತು, ಎಲ್ಲಿ ಚಿಕಿತ್ಸೆಯಾಯಿತು, ಈಗ ಯಾವ ತೊಂದರೆ ಉಳಿದಿದೆ. ಮೂಲ ಪ್ರತಿಗಳನ್ನು ತೋರಿಸಿ ಝೆರಾಕ್ಸ್ ಪ್ರತಿಗಳನ್ನು ಮಾತ್ರ ಕೊಡಬೇಕು. ಹಳೆಯ ಆಸ್ಪತ್ರೆಯ ದಾಖಲೆ ಕಳೆದುಹೋಗಿದ್ದರೆ ಅಲ್ಲಿನ ವೈದ್ಯಕೀಯ ದಾಖಲೆ ವಿಭಾಗಕ್ಕೆ ಲಿಖಿತ ಮನವಿ ಸಲ್ಲಿಸಿ ಪ್ರತಿ ಕೇಳಬಹುದು. ಇದಕ್ಕೆ ಸಮಯ ಹಿಡಿಯುವುದರಿಂದ ದಿನ ನಿಗದಿಯಾಗುವ ಮೊದಲೇ ಆರಂಭಿಸಬೇಕಾಗುತ್ತದೆ.

ಕಾಗದಗಳು ರೋಗದ ಹೆಸರನ್ನು ಹೇಳುತ್ತವೆ. ರೋಗದೊಂದಿಗೆ ದಿನ ಕಳೆಯುವುದು ಹೇಗೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಅರ್ಜಿದಾರರೇ ಹೇಳಬೇಕು. ಪರೀಕ್ಷೆಗೆ ಒಂದೆರಡು ವಾರ ಮೊದಲಿನಿಂದ ದಿನಚರಿ ಬರೆದಿಡುವುದು ಇದಕ್ಕೆ ನೆರವಾಗುತ್ತದೆ. 'ಸೊಂಟ ನೋಯುತ್ತದೆ' ಎಂಬುದಕ್ಕಿಂತ 'ಬಾವಿಯಿಂದ ಒಂದು ಕೊಡ ನೀರು ತಂದರೆ ಅರ್ಧ ಗಂಟೆ ಮಲಗಬೇಕಾಗುತ್ತದೆ' ಎಂಬುದು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿಯಬೇಕೇ, ರಾಗಿ ಕೊಯ್ಲಿಗೆ ಎಷ್ಟು ಹೊತ್ತು ಬಗ್ಗಿರಲು ಸಾಧ್ಯ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ವಾರದಲ್ಲಿ ಎಷ್ಟು ದಿನ ಪರವಾಗಿಲ್ಲ ಎನಿಸುತ್ತದೆ, ಎಷ್ಟು ದಿನ ಏಳಲೂ ಆಗುವುದಿಲ್ಲ ಎಂಬಂತಹ ವಿವರಗಳು ಬೇಕು. ಹಿಮೋಫಿಲಿಯಾ, ಮೂರ್ಛೆ ಅಥವಾ ಮಾನಸಿಕ ಕಾಯಿಲೆಯಂತೆ ಏರುಪೇರಾಗುವ ಸ್ಥಿತಿಗಳಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಪರೀಕ್ಷೆಯ ದಿನ ವ್ಯಕ್ತಿ ಚೆನ್ನಾಗಿಯೇ ಇರಬಹುದು.

ಇಲ್ಲಿ ಸಂಕೋಚವೂ ಅಡ್ಡಿಯಾಗುತ್ತದೆ. 'ಹೇಗಿದ್ದೀರಿ?' ಎಂದು ವೈದ್ಯರು ಕೇಳಿದರೆ 'ಚೆನ್ನಾಗಿದ್ದೀನಿ ಸಾರ್' ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು. ವರದಿಯಲ್ಲಿ ಅದು ವೈದ್ಯಕೀಯ ಹೇಳಿಕೆಯಾಗಿ ದಾಖಲಾಗಬಹುದು. ಮೂತ್ರದ ಹಿಡಿತ ತಪ್ಪುವುದು, ಸ್ನಾನ ಶೌಚಗಳಿಗೆ ಮಗಳೋ ಸೊಸೆಯೋ ಸಹಾಯ ಮಾಡಬೇಕಾಗಿರುವುದು, ಇಂತಹ ಸಂಗತಿಗಳನ್ನು ಅನೇಕರು ಹೇಳದೆಯೇ ಹಿಂದಿರುಗುತ್ತಾರೆ. ಬಾಯಿಬಿಟ್ಟು ಹೇಳಲಾಗದಿದ್ದರೆ ಬರೆದು ಕೊಡಬಹುದು.

ಜೊತೆಗೊಬ್ಬರು ಇರುವುದು ಉಪಯುಕ್ತ. ಬೌದ್ಧಿಕ ವೈಕಲ್ಯ ಹಾಗೂ ಮಾನಸಿಕ ಕಾಯಿಲೆಯ ಮೌಲ್ಯಮಾಪನದಲ್ಲಂತೂ ಆರೈಕೆ ಮಾಡುವವರಿಂದಲೇ ಹೆಚ್ಚಿನ ಮಾಹಿತಿ ಪಡೆಯಲಾಗುತ್ತದೆ. ವರ್ಷಕ್ಕೊಮ್ಮೆ ಭೇಟಿಯಾಗುವ ನೆಂಟರಿಗಿಂತ ದಿನವೂ ಜೊತೆಗಿರುವವರು ಹೋಗಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬುವುದಕ್ಕೂ ಆಸ್ಪತ್ರೆಯ ದಿನಾಂಕ ತಿಳಿಯುವುದಕ್ಕೂ ನೆರವಾಗುತ್ತಾರೆ.

ಪರೀಕ್ಷೆಯ ದಿನ

ಊರುಗೋಲು, ಕ್ಯಾಲಿಪರ್, ಕೃತಕ ಕಾಲು, ಕನ್ನಡಕ, ಶ್ರವಣ ಸಾಧನ, ನಿತ್ಯ ಬಳಸುವ ಯಾವುದನ್ನೂ ಮನೆಯಲ್ಲಿ ಬಿಟ್ಟು ಹೋಗಬಾರದು. ಬಳಸದಿರುವುದನ್ನು ಆ ದಿನಕ್ಕೆಂದು ತರುವುದೂ ಸರಿಯಲ್ಲ. ನಿತ್ಯದ ಔಷಧಿಗಳನ್ನು ನಿಲ್ಲಿಸಬಾರದು. ಬೆಳಿಗ್ಗೆ ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಬಾಧಿತ ಭಾಗವನ್ನು ಸುಲಭವಾಗಿ ತೋರಿಸಬಹುದಾದ ಸಡಿಲ ಉಡುಪು ಅನುಕೂಲ. ಮಹಿಳೆಯರು ದೇಹಪರೀಕ್ಷೆಯ ವೇಳೆ ಮಹಿಳಾ ಸಿಬ್ಬಂದಿ ಹಾಜರಿರುವಂತೆ ಕೇಳಬಹುದು.

ವೈದ್ಯರ ಗಮನಿಸುವಿಕೆ ಪರೀಕ್ಷಾ ಮೇಜಿನ ಮೇಲೆ ಮಾತ್ರ ನಡೆಯುವುದಿಲ್ಲ. ಅರ್ಜಿದಾರರು ಕೋಣೆಯೊಳಗೆ ನಡೆದು ಬರುವ ರೀತಿ, ಕುರ್ಚಿಯಿಂದ ಏಳುವ ಬಗೆ, ಚೀಲದಿಂದ ಕಾಗದ ತೆಗೆಯುವ ಕೈ ಇವೂ ಕಣ್ಣಿಗೆ ಬೀಳುತ್ತವೆ. ಕೆಲವು ಪರೀಕ್ಷೆಗಳು ಒಂದೇ ಚಲನೆಯನ್ನು ಎರಡು ಬಗೆಯಲ್ಲಿ ನೋಡುತ್ತವೆ: ಮಲಗಿಸಿ ಕಾಲೆತ್ತಿದಾಗ ಬರುವ ಬೆನ್ನುನೋವು, ಕೂರಿಸಿ ಮೊಣಕಾಲು ಚಾಚಿಸಿದಾಗಲೂ ಬರುತ್ತದೆಯೇ ಎಂಬುದು ಅಂತಹ ಒಂದು. ಸ್ಕಾಟ್ಲೆಂಡಿನ ಮೂಳೆ ಶಸ್ತ್ರತಜ್ಞ ಗಾರ್ಡನ್ ವಾಡೆಲ್ 1980ರಲ್ಲಿ ಇಂತಹ ಐದು ಬಗೆಯ ಚಿಹ್ನೆಗಳನ್ನು ವಿವರಿಸಿದರು. ಅವನ್ನು ನಟನೆಯ ಪುರಾವೆಯೆಂದು ಬಳಸುವುದು ತಪ್ಪೆಂದು ಮುಂದೆ ಅವರೇ ಎಚ್ಚರಿಸಿದರು, ಏಕೆಂದರೆ ಭಯ ಮತ್ತು ಆತಂಕದಿಂದಲೂ ಅವು ಕಾಣಿಸಿಕೊಳ್ಳುತ್ತವೆ. ಆದರೂ ಉತ್ಪ್ರೇಕ್ಷೆ ಅರ್ಜಿದಾರರಿಗೇ ಮುಳುವಾಗುವುದು ಹೆಚ್ಚು: ಒಂದು ಕಡೆ ಹೊಂದಾಣಿಕೆ ತಪ್ಪಿದರೆ ನಿಜವಾದ ತೊಂದರೆಯ ಮೇಲೂ ಅನುಮಾನ ಬೀಳುತ್ತದೆ. ವೈಕಲ್ಯವಿಲ್ಲದವರು ಮೋಸದಿಂದ ಸೌಲಭ್ಯ ಪಡೆದರೆ ಅಥವಾ ಪಡೆಯಲು ಯತ್ನಿಸಿದರೆ 2016ರ ಕಾಯಿದೆಯ 91ನೇ ಕಲಂ ಅಡಿಯಲ್ಲಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು.

ಕೇಳಿದ ಚಲನೆಯನ್ನು ಸಾಧ್ಯವಿದ್ದಷ್ಟು ಪ್ರಾಮಾಣಿಕವಾಗಿ ಮಾಡಿ, ನೋವು ಎಲ್ಲಿ ಶುರುವಾಯಿತು ಎಂಬುದನ್ನು ಬಾಯಲ್ಲಿ ಹೇಳಬೇಕು. ಒಮ್ಮೆ ಮಾಡಲು ಸಾಧ್ಯವಾದರೂ ಹತ್ತು ಸಲ ಮಾಡಲಾಗದಿದ್ದರೆ ಅದನ್ನೂ ಹೇಳಬೇಕಾಗುತ್ತದೆ. ಪರೀಕ್ಷೆ ಮುಗಿದ ದಿನವೇ ಏನನ್ನು ಕೇಳಿದರು, ಯಾವ ಪರೀಕ್ಷೆಗಳನ್ನು ಮಾಡಿದರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಮೇಲ್ಮನವಿಗೆ ಉಪಯೋಗವಾಗಬಹುದು.

ಪರಿಹಾರದ ಪ್ರಕರಣಗಳು

ನೌಕರರ ಪರಿಹಾರ ಕಾಯಿದೆ, 1923ರ 11ನೇ ಕಲಂ ಪ್ರಕಾರ, ಅಪಘಾತದ ನೋಟಿಸ್ ತಲುಪಿದ ಮೂರು ದಿನಗಳೊಳಗೆ ಉದ್ಯೋಗದಾತರು ಉಚಿತ ವೈದ್ಯಕೀಯ ಪರೀಕ್ಷೆಗೆ ಕರೆದರೆ ನೌಕರರು ಒಳಪಡಬೇಕಾಗಿತ್ತು. ನಿರಾಕರಿಸಿದರೆ ಆ ಅವಧಿಯಲ್ಲಿ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತಿತ್ತು. ಅನುಸೂಚಿಯಲ್ಲಿ ಕೆಲವು ಗಾಯಗಳಿಗೆ ಗಳಿಕೆ ಸಾಮರ್ಥ್ಯದ ನಷ್ಟವನ್ನು ಮೊದಲೇ ನಿಗದಿಪಡಿಸಲಾಗಿತ್ತು: ಹೆಬ್ಬೆರಳು ಕಳೆದುಕೊಂಡರೆ ಶೇ. 30, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50. ಪಟ್ಟಿಯಲ್ಲಿಲ್ಲದ ಗಾಯಗಳಿಗೆ ಅರ್ಹ ವೈದ್ಯರು ಅಂದಾಜು ನೀಡುತ್ತಿದ್ದರು. ಇದೇ ವಿಷಯವನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಲಾಗಿದೆ.

ದೇಹದ ನಷ್ಟ ಮತ್ತು ಗಳಿಕೆಯ ನಷ್ಟ ಒಂದೇ ಅಲ್ಲ ಎಂಬ ತತ್ವ ನ್ಯಾಯಾಲಯಗಳಲ್ಲಿ ಬೆಳೆದು ಬಂದದ್ದು. ಎಡಗೈಯನ್ನು ಮೊಣಕೈಯಿಂದ ಮೇಲೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1975ರ ಡಿಸೆಂಬರ್‌ನಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ನಷ್ಟ ಶೇ. 100 ಎಂಬ ನಿರ್ಧಾರವನ್ನು ಎತ್ತಿಹಿಡಿಯಿತು. ಮೋಟಾರು ವಾಹನ ಅಪಘಾತಗಳಿಗೆ ಸಂಬಂಧಿಸಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ 2010ರ ತೀರ್ಪು ಈಗಲೂ ಮಾರ್ಗದರ್ಶಿ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್. ವಿ. ರವೀಂದ್ರನ್ ಬರೆದ ಈ ತೀರ್ಪಿನ ಪ್ರಕಾರ, ವೈಕಲ್ಯದ ಪ್ರಮಾಣವನ್ನು ವೈದ್ಯರು ಹೇಳಬೇಕು, ಗಳಿಕೆಯ ನಷ್ಟವನ್ನು ನ್ಯಾಯಮಂಡಳಿ ನಿರ್ಧರಿಸಬೇಕು. ಎಡಗೈ ಕಳೆದುಕೊಂಡ ಚಾಲಕ ಮತ್ತು ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತರ ಉದಾಹರಣೆಯನ್ನು ಅದು ನೀಡುತ್ತದೆ: ಮೊದಲನೆಯವರ ನಷ್ಟ ಬಹುತೇಕ ಪೂರ್ಣ, ಎರಡನೆಯವರು ಕೆಲಸದಲ್ಲಿ ಮುಂದುವರಿಯಬಹುದು. ಒಂದು ಕಾಲಿಗೆ ಸಂಬಂಧಿಸಿದ ಶೇ. 45 ಎಂಬುದು ಇಡೀ ದೇಹದ ಶೇ. 45 ಅಲ್ಲ ಎಂಬುದನ್ನೂ ಅದು ಸ್ಪಷ್ಟಪಡಿಸಿತು. ಆದ್ದರಿಂದ ಇಂತಹ ಪರೀಕ್ಷೆಗೆ ಹೋಗುವವರು ತಮ್ಮ ಕಸುಬನ್ನು ಒಂದೇ ಪದದಲ್ಲಿ ಹೇಳಿ ಮುಗಿಸಬಾರದು. 'ಕೂಲಿ' ಎಂಬುದು ಅಡಿಕೆ ಮರ ಹತ್ತುವುದೂ ಆಗಿರಬಹುದು, ಬೀಡಿ ಕಟ್ಟುವುದೂ ಆಗಿರಬಹುದು. ಅದೇ ಕಾಲಿನ ಗಾಯ ಈ ಎರಡಕ್ಕೆ ಮಾಡುವ ಹಾನಿ ಬೇರೆ ಬೇರೆ.

ವರದಿ ಮತ್ತು ಮೇಲ್ಮನವಿ

ಪ್ರಮಾಣಪತ್ರ ಕೈಸೇರಿದಾಗ ಶೇಕಡಾವಾರು ಅಂಕಿಯ ಜೊತೆಗೆ ಇನ್ನೆರಡು ಸಂಗತಿಗಳನ್ನು ನೋಡಬೇಕು: ಪ್ರಮಾಣವು ದೇಹದ ಯಾವ ಭಾಗಕ್ಕೆ ಸಂಬಂಧಿಸಿದ್ದು, ಪ್ರಮಾಣಪತ್ರ ಕಾಯಂ ಆದದ್ದೇ ಅಥವಾ ನಿಗದಿತ ಅವಧಿಯದೇ. ಅರ್ಜಿ ತಿರಸ್ಕೃತವಾದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ನಿಯಮವಿದೆ. ಮಂಡಳಿಯ ನಿರ್ಧಾರದ ವಿರುದ್ಧ 59ನೇ ಕಲಂ ಅಡಿಯಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. 'ಪ್ರಮಾಣ ಕಡಿಮೆಯಾಗಿದೆ' ಎಂಬ ಮನವಿಗಿಂತ, ಯಾವ ಪರೀಕ್ಷೆಯನ್ನು ಮಾಡಲಿಲ್ಲ, ಯಾವ ದಾಖಲೆಯನ್ನು ಪರಿಗಣಿಸಲಿಲ್ಲ ಎಂದು ತೋರಿಸುವ ಮನವಿಗೆ ಬಲ ಹೆಚ್ಚು.

ಅಂಕಿಯೇ ಅಂತಿಮವಲ್ಲ ಎಂಬ ನಿಲುವು ಇತ್ತೀಚೆಗೆ ಗಟ್ಟಿಯಾಗಿದೆ. ವೈದ್ಯಕೀಯ ಪದವಿಯ ಪ್ರವೇಶಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್‌ನಲ್ಲಿ, ವೈಕಲ್ಯದ ಪ್ರಮಾಣವೊಂದನ್ನೇ ಆಧರಿಸಿ ಅಭ್ಯರ್ಥಿಯನ್ನು ಅನರ್ಹಗೊಳಿಸುವಂತಿಲ್ಲ, ವ್ಯಾಸಂಗ ಮಾಡಲು ಅವರು ಶಕ್ತರೇ ಎಂಬುದನ್ನು ಮಂಡಳಿಯು ಪರಿಶೀಲಿಸಿ ಕಾರಣಗಳನ್ನು ದಾಖಲಿಸಬೇಕು ಎಂದು ಹೇಳಿತು.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ 2013ರಿಂದ ಜಾರಿಯಲ್ಲಿರುವ ಪಿಐಪಿ ಎಂಬ ಭತ್ಯೆಗೆ ಸರ್ಕಾರದೊಂದಿಗೆ ಗುತ್ತಿಗೆ ಮಾಡಿಕೊಂಡ ಖಾಸಗಿ ಸಂಸ್ಥೆಗಳ ಆರೋಗ್ಯ ಸಿಬ್ಬಂದಿ ಮೌಲ್ಯಮಾಪನ ನಡೆಸುತ್ತಾರೆ. ಅಲ್ಲಿನ ನಿಯಮದಂತೆ ಒಂದು ಕೆಲಸವನ್ನು ಮಾಡಬಲ್ಲರು ಎನ್ನಬೇಕಾದರೆ ಅದನ್ನು ಸುರಕ್ಷಿತವಾಗಿ, ಒಪ್ಪತಕ್ಕ ರೀತಿಯಲ್ಲಿ, ಅಗತ್ಯವಿದ್ದಷ್ಟು ಸಲ ಮತ್ತು ಯುಕ್ತ ಸಮಯದೊಳಗೆ ಮಾಡಲು ಸಾಧ್ಯವಿರಬೇಕು. ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಕಾರ್ಮಿಕ ಪರಿಹಾರ ಹಾಗೂ ವಿಮಾ ಪ್ರಕರಣಗಳಲ್ಲಿ ಸ್ವತಂತ್ರ ಪರೀಕ್ಷೆ ರೂಢಿಯಲ್ಲಿದೆ; ಅಲ್ಲಿ ನೆಲೆಸಿ ದುಡಿಯುವ ಕನ್ನಡಿಗರೂ ಗಾಯಗೊಂಡಾಗ ಇದನ್ನು ಎದುರಿಸಬೇಕಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ವೈದ್ಯರನ್ನು ಆರಿಸಿ ಶುಲ್ಕ ಕೊಡುವುದು ವಿಮಾ ಕಂಪನಿಯೇ ಆಗಿರುವುದರಿಂದ, 'ಸ್ವತಂತ್ರ' ಎಂಬ ವಿಶೇಷಣದ ಬಗ್ಗೆ ಕಾರ್ಮಿಕ ಸಂಘಟನೆಗಳ ತಕರಾರು ಇದೆ.